ಸಭೆ ಕೂರಲಿಕ್ಕೂ ದುಡ್ಡು ಬೇಕು: ಅನುದಾನ ಕೊಡುವ ಕೆಲಸದಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಸಣ್ಣ ಟ್ರಸ್ಟ್‌ನಲ್ಲಿ ನನ್ನ ಕೆಲಸ. ಗಾರ್ಮೆಂಟ್ ಕಾರ್ಮಿಕರು, ಮನೆಗೆಲಸದವರು, ಉತ್ತರ ಕರ್ನಾಟಕದ ದೇವದಾಸಿ ಮಹಿಳೆಯರು, ಊರಿನ ಹೆಂಡದಂಗಡಿ ಮುಚ್ಚಿಸಲು ಹೋರಾಡುವವರು, ಇಂಥವರ ಸಂಘಗಳಿಗೆ ನಾವು ಅನುದಾನ ಕೊಡುತ್ತೇವೆ. ದುಡ್ಡು ಹೊಂದಿಸುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಸರಿಯಾಗಿ ಕೊಡುವುದೂ ಅಷ್ಟೇ ಕಷ್ಟ. ಅದರ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸ ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ: ಹೆಂಗಸರು ತಿಂಗಳು ತಿಂಗಳೂ ಒಂದು ಕಡೆ ಕೂತು ಮಾತಾಡುತ್ತಿದ್ದರೆ ಸಂಘ ಉಳಿಯುತ್ತದೆ, ಸಭೆ ತಪ್ಪಿದರೆ ಸಂಘ ಚದುರುತ್ತದೆ. ಸಭೆಗೆ ಜಾಗದ ಬಾಡಿಗೆ ಬೇಕು, ಊಟ ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ಕೂಲಿ ಬಿಟ್ಟು ಬಂದವರ ಕೈಗೆ ಏನಾದರೂ ಕೊಡಬೇಕು, ಊರೂರು ಸುತ್ತುವ ಕಾರ್ಯಕರ್ತೆಗೆ ಸಂಬಳ ಬೇಕು, ಅವಳ ಫೋನಿಗೆ ಕರೆನ್ಸಿ ಹಾಕಿಸಬೇಕು. ತರಬೇತಿಗೆ ದುಡ್ಡು ಸಿಗುತ್ತದೆ, ಹೊಲಿಗೆ ಮಷೀನಿಗೆ ಸಿಗುತ್ತದೆ. ಸಭೆಗೆ ಅಂದರೆ ಕೊಡುವವರು ಹಿಂದೆಮುಂದೆ ನೋಡುತ್ತಾರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಯಾವ ಕೆಲಸಗಳಿಗೆ ಖರ್ಚು ಮಾಡಬಹುದು ಅನ್ನುವ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಇದೆ. ಆದರೆ ನಾನು ಮಾತಾಡಿಸಿದ ಸಿಎಸ್‌ಆರ್ ಅಧಿಕಾರಿಗಳು ಕೇಳುವುದು ಎಷ್ಟು ಜನ ಫಲಾನುಭವಿಗಳು, ಎಷ್ಟು ತಿಂಗಳಲ್ಲಿ ಎಷ್ಟು ಆದಾಯ ಹೆಚ್ಚುತ್ತದೆ ಅಂತ. ಕನಿಷ್ಠ ಕೂಲಿ ಕೇಳುವ ಯೂನಿಯನ್ನಿಗೆ ಕಾರ್ಖಾನೆಗಳ ಲಾಭದ ಹಣ ಬರುತ್ತದೆ ಅಂತ ಕಾಯುವುದರಲ್ಲಿ ಅರ್ಥವೂ ಇಲ್ಲ.

2016ರ ಏಪ್ರಿಲ್ ನೆನಪಿರಬಹುದು. ಪಿಎಫ್ ಹಣ ಪೂರ್ತಿ ತೆಗೆಯಲು ಕೇಂದ್ರ ಸರ್ಕಾರ ನಿರ್ಬಂಧ ಹಾಕಿದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಕಾರ್ಮಿಕರು ರಸ್ತೆಗಿಳಿದರು, ಹೊಸೂರು ರಸ್ತೆ ಬಂದ್ ಆಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಎರಡೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಯಾವ ಅನುದಾನದಿಂದಲೂ ಆ ಹೋರಾಟ ಹುಟ್ಟಲಿಲ್ಲ, ಹಾಗೆ ಹುಟ್ಟಿಸಲೂ ಆಗದು. ಆದರೆ ಅದರ ಬೆನ್ನಿಗೇ ಬಂಧನಗಳಾದವು, ಕೇಸುಗಳು ಬಿದ್ದವು. ಜಾಮೀನು, ವಕೀಲರು, ಕೋರ್ಟಿಗೆ ಹೋದ ದಿನದ ಸಂಬಳ ಕಡಿತ, ಇವೆಲ್ಲ ಸುದ್ದಿ ತಣ್ಣಗಾದ ಮೇಲೆ ಬರುವ ಖರ್ಚು. ಇಂಥ ಹೊತ್ತಿಗೆಂದೇ ನಾವು ತುರ್ತು ನಿಧಿ ಅಂತ ಒಂದಿಷ್ಟು ಹಣ ಬೇರೆ ಇಟ್ಟಿದ್ದೇವೆ. ಅದಕ್ಕೆ ಅರ್ಜಿ ಫಾರಂ ಇಲ್ಲ. ಸಂಘದಿಂದ ಒಂದು ಫೋನ್, ನಮ್ಮಲ್ಲಿ ಇಬ್ಬರ ಒಪ್ಪಿಗೆ, ಅಷ್ಟೇ.

ವಿದೇಶಿ ಹಣದ ದಾರಿ 2020ರ ಸೆಪ್ಟೆಂಬರ್‌ನಲ್ಲಿ ಬದಲಾಯಿತು. ಅದಕ್ಕೂ ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇದ್ದ ಸಂಸ್ಥೆಯೊಂದು ತನಗೆ ಬಂದ ಹಣವನ್ನು ನೋಂದಣಿ ಇರುವ ಇನ್ನೊಂದು ಸಣ್ಣ ಸಂಸ್ಥೆಗೆ ಹಂಚಬಹುದಿತ್ತು. ಆ ಕಾಯ್ದೆಗೆ ತಂದ ತಿದ್ದುಪಡಿ ಅದನ್ನು ಪೂರ್ತಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ವಿದೇಶಿ ಹಣ ಬರುವ ಖಾತೆಯನ್ನು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ತೆರೆಯಬೇಕಾಯಿತು. ದೊಡ್ಡ ಸಂಸ್ಥೆಗಳು ಹೇಗೋ ಹೊಂದಿಕೊಂಡವು. ತಾಲೂಕು ಮಟ್ಟದ ಮಹಿಳಾ ಗುಂಪುಗಳಿಗೆ ಆಸರೆಯೇ ತಪ್ಪಿತು. ಈಗ ನಾವು ಕೊಡುವುದೆಲ್ಲ ಇಲ್ಲೇ ಸಂಗ್ರಹಿಸಿದ ಹಣ.

ಅದನ್ನು ಕೊಡುವ ಬಗೆ ಹೇಳುತ್ತೇನೆ. ಪ್ರಪೋಸಲ್ ಬರೆದು ಕಳಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನೇ ಹೋಗಿ ಅವರ ಸಭೆ ಮುಗಿಯುವವರೆಗೂ ಹಿಂದೆ ಕೂತಿರುತ್ತೇನೆ. ಯಾರು ಮಾತಾಡುತ್ತಾರೆ, ಅಧ್ಯಕ್ಷೆ ಎದ್ದು ಹೊರಗೆ ಹೋದಾಗ ಮಾತು ನಿಲ್ಲುತ್ತದೋ ಮುಂದುವರಿಯುತ್ತದೋ, ಹಣದ ಪುಸ್ತಕ ಯಾರ ಮನೆಯಲ್ಲಿದೆ, ಅದನ್ನು ಕೇಳಿದವರಿಗೆ ತೋರಿಸುತ್ತಾರೋ ಇಲ್ಲವೋ, ಇಷ್ಟನ್ನು ಗಮನಿಸಿದರೆ ಆಡಿಟ್ ರಿಪೋರ್ಟ್ ಹೇಳದ್ದು ಗೊತ್ತಾಗುತ್ತದೆ. ಕೊನೆಗೆ ನಾನು ಕೇಳುವ ಪ್ರಶ್ನೆ: "ಹೋದ ವರ್ಷ ದುಡ್ಡಿಲ್ಲ ಅಂತ ಯಾವ ಕೆಲಸ ಬಿಟ್ಟಿರಿ?"

ಬಾಗಲಕೋಟೆ ಜಿಲ್ಲೆಯ ಒಂದು ದೇವದಾಸಿ ಮಹಿಳೆಯರ ಸಂಘದಲ್ಲಿ ಇದಕ್ಕೆ ತಟ್ಟನೆ ಉತ್ತರ ಬಂತು. "ತಾಲೂಕ್ ಆಫೀಸಿಗೆ ಓಡ್ಯಾಡೂದು ಬಿಟ್ವಿರಿ ಅಕ್ಕಾರ. ಸರ್ವೆದಾಗ ಹೆಸರ ಬಿಟ್ಟಾರ ನೋಡ್ರಿ, ಅವ್ರ ಕೆಲಸ ಅಲ್ಲೇ ನಿಂತೈತಿ." ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದಿದ್ದು 1982ರಲ್ಲಿ. ಆಮೇಲೆ 1993–94 ಮತ್ತು 2007–08ರಲ್ಲಿ ಸರ್ಕಾರ ಮಾಡಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರ ಹೆಸರು ಸೇರಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾಸಾಶನ, ಮನೆ, ಸಾಲ ಎಲ್ಲಕ್ಕೂ ತೊಡಕು. ಬಿಟ್ಟುಹೋದ ಹೆಸರುಗಳಿಗಾಗಿ ಕಚೇರಿಗಳ ಬಾಗಿಲು ತಟ್ಟುತ್ತಲೇ ಇರಬೇಕು.

ಅಲ್ಲೇ ನೆಲದ ಮೇಲೆ ಕೂತು ಬಜೆಟ್ ಬರೆದೆವು. ಅವರು ಹೇಳಿದ್ದನ್ನು ಬರೆದು ನಾನು ಜೋರಾಗಿ ಓದಬೇಕು, ಅವರು ತಿದ್ದಬೇಕು. ಅರ್ಜಿ ತುಂಬಲು ಪಿಯುಸಿ ಓದಿದ ಹುಡುಗಿಗೆ ತಿಂಗಳ ಗೌರವಧನ, ಜೆರಾಕ್ಸ್, ಚಾ, ಚುರುಮುರಿ. ನಾನು ಕೂಡಿಸಲು ಹೊರಟಾಗ ಹಿರಿಯಾಕೆ ಒಬ್ಬರು ಪೆನ್ನು ಹಿಡಿದ ನನ್ನ ಕೈಯನ್ನೇ ತಡೆದರು. "ಕೂಸು ನೋಡಾಕ ಒಬ್ಬಾಕಿ ಬೇಕ್ರಿ. ಇಲ್ಲಂದ್ರ ಸಣ್ಣ ವಯಸ್ಸಿನಾರು ಬರಂಗಿಲ್ಲ. ನಾವಷ್ಟ ಮುದುಕ್ಯಾರು ಕುಂತು ಏನ್ ಮಾಡೂದೈತಿ?" ಆ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಕೆಲವು ತಿಂಗಳ ನಂತರ ಹೋದಾಗ ಸಭೆಯಲ್ಲಿ ಅವರ ಹೆಣ್ಣುಮಕ್ಕಳೂ ಸೊಸೆಯಂದಿರೂ ಇದ್ದರು, ಲೆಕ್ಕದ ಪುಸ್ತಕ ಅವರಲ್ಲೊಬ್ಬಳ ಕೈಗೆ ಬಂದಿತ್ತು.

ಆ ಬಜೆಟ್‌ನಲ್ಲಿ ಬಸ್ ಚಾರ್ಜ್ ಅಂತ ಒಂದು ಸಾಲೂ ಇರಲಿಲ್ಲ. ಮೊದಲಾದರೆ ಪ್ರತಿ ಸಂಘದ ಬಜೆಟ್‌ನಲ್ಲೂ ಅದೇ ದೊಡ್ಡ ಖರ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಶೂನ್ಯ. ಒಂದು ಸರ್ಕಾರಿ ಆದೇಶ ಮಹಿಳಾ ಸಂಘಟನೆಗಳಿಗೆ ಇಷ್ಟು ನೆರವಾದದ್ದನ್ನು ನಾನಂತೂ ಬೇರೆ ಕಂಡಿಲ್ಲ. ಉಳಿದ ಹಣ ಊಟಕ್ಕೂ ಮಕ್ಕಳಿಗೂ ಹೋಯಿತು. ಸರ್ಕಾರಿ ಬಸ್ಸು ಹೋಗದ ಊರುಗಳಿಗೆ ಟಂಟಂ ಬಾಡಿಗೆ ಈಗಲೂ ಕೊಡುತ್ತೇವೆ.

ಲೆಕ್ಕದ ವಿಷಯ ಬೇಗ ಹೇಳಿಬಿಡುತ್ತೇನೆ. 2023ರ ಹಣಕಾಸು ಕಾಯ್ದೆ ಬಂದ ಮೇಲೆ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟ್‌ಗೆ ಕೊಟ್ಟ ದೇಣಿಗೆಯಲ್ಲಿ ಶೇ. 85ರಷ್ಟನ್ನು ಮಾತ್ರ ಧರ್ಮಕಾರ್ಯಕ್ಕೆ ಬಳಸಿದ ಹಣ ಅಂತ ಆದಾಯ ತೆರಿಗೆ ಇಲಾಖೆ ಪರಿಗಣಿಸುತ್ತದೆ. ಹಾಗಾಗಿ ಎಷ್ಟೋ ಕಡೆ ನಾವೇ ನೇರ ಖರ್ಚು ಮಾಡುತ್ತೇವೆ: ಹಾಲ್ ಬಾಡಿಗೆ ಮಾಲೀಕರ ಖಾತೆಗೆ, ಗೌರವಧನ ಕಾರ್ಯಕರ್ತೆಯ ಖಾತೆಗೆ. ನೋಂದಣಿ ಇಲ್ಲದ ಗುಂಪುಗಳಿಗೂ ಇದರಿಂದ ಅನುಕೂಲ. ಬಿಲ್ ಸಿಗದ ಕಡೆ ವೋಚರ್ ಮೇಲೆ ಸಹಿ, ಇಲ್ಲದಿದ್ದರೆ ಹೆಬ್ಬೆಟ್ಟು. ವರದಿಯನ್ನು ಅವರು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ, ಟೈಪ್ ಮಾಡುವುದು ನಾನು. ಟ್ರಸ್ಟಿಗಳಿಗೆ ಇಂಗ್ಲಿಷ್ ವರದಿ ಬೇಕಿದ್ದರೆ ಆ ಶ್ರಮ ನಮ್ಮದಾಗಬೇಕು.

ಒಂದು ವರ್ಷದ ಅನುದಾನವನ್ನು ನಾನು ಒಪ್ಪುವುದಿಲ್ಲ. ಕಾರ್ಯಕರ್ತೆಯನ್ನು ಊರಿನವರು ನಂಬುವ ಹೊತ್ತಿಗೇ ವರ್ಷ ಮುಗಿದಿರುತ್ತದೆ. ಕಡಿಮೆಯೆಂದರೆ 3 ವರ್ಷ ಬೇಕು ಅಂತ ನಮ್ಮ ಟ್ರಸ್ಟಿಗಳ ಜೊತೆ ಜಗಳವಾಡಿಯೇ ಒಪ್ಪಿಸಿದ್ದೇನೆ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಈಗ ಹಿಂದೆ ಅನುದಾನ ಪಡೆದ ಸಂಘಗಳ ಹೆಂಗಸರೂ ಇದ್ದಾರೆ. ಲೆಕ್ಕದಲ್ಲಿ ಅವರು ನನಗಿಂತ ಬಿಗಿ.

ನೇಪಾಳದ ತೇವಾ ಎಂಬ ಮಹಿಳಾ ನಿಧಿ 1990ರ ದಶಕದ ನಡುವಿನಿಂದಲೂ ನೇಪಾಳಿಗಳಿಂದಲೇ ಸಣ್ಣಸಣ್ಣ ದೇಣಿಗೆ ಸೇರಿಸಿ ಹಳ್ಳಿಯ ಮಹಿಳಾ ಗುಂಪುಗಳಿಗೆ ಕೊಡುತ್ತಾ ಬಂದಿದೆ. ಆ ಮಾದರಿ ನನಗೆ ಧೈರ್ಯ ಕೊಟ್ಟಿದೆ. ಬ್ಯಾಂಕ್ ನೌಕರರು, ನರ್ಸ್‌ಗಳು, ನಿವೃತ್ತ ಶಿಕ್ಷಕಿಯರು ನಮಗೆ ತಿಂಗಳಿಗಿಷ್ಟು ಅಂತ ಕಳಿಸುತ್ತಾರೆ. ಅವರ ದುಡ್ಡು ಹಾಲ್ ಬಾಡಿಗೆಗೆ ಹೋಯಿತು, ಮಕ್ಕಳನ್ನು ನೋಡಿಕೊಂಡವಳ ಕೂಲಿಗೆ ಹೋಯಿತು ಅಂತ ಇದ್ದದ್ದನ್ನೇ ಬರೆದು ತಿಳಿಸುತ್ತೇನೆ. ಇದಕ್ಕೇಕೆ ಕೊಟ್ಟಿರಿ ಅಂತ ಅವರಲ್ಲಿ ಯಾರೂ ಈವರೆಗೆ ಕೇಳಿಲ್ಲ. ಇತ್ತೀಚೆಗೆ ಒಬ್ಬ ಶಿಕ್ಷಕಿ ಫೋನ್ ಮಾಡಿ, "ಮನೆಗೆಲಸದವರ ಸಭೆಗೆ ನಾನೂ ಒಂದು ಸಲ ಬರಬಹುದಾಮ್ಮ?" ಅಂದರು. ಸಂಘದವರನ್ನು ಕೇಳಿ ಹೇಳುತ್ತೇನೆ ಮೇಡಂ ಅಂದೆ. ಕೆಲಸದ ಮನೆಗಳ ಹೆಸರು ಹಿಡಿದು ಮಾತಾಡುವ ದಿನ ಬೇಡ, ಮುಂದಿನ ತಿಂಗಳು ವಾರ್ಷಿಕ ಲೆಕ್ಕ ಓದುವ ಭಾನುವಾರ ಬರಲಿ ಅಂತ ಸಂಘದವರು ತಿಳಿಸಿದ್ದಾರೆ.