ಚಾರ್ಜ್ ತಗೊಂಡ ಮೇಲೆ: ಒಬ್ಬ ಫಿಜಿಶಿಯನ್ನನ ಅನುಭವ

ಕೊಡಗಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಿಜಿಶಿಯನ್. ಆಡಳಿತದ ಚಾರ್ಜ್ ನನ್ನ ತಲೆಗೆ ಬಂದಾಗ "ಫೈಲ್ ನೋಡ್ತಾ ಕೂತ್ರೆ ಕಲಿತ ವಿದ್ಯೆ ಮರೆತುಹೋಗುತ್ತೆ" ಅಂದವರೇ ಜಾಸ್ತಿ. ಚಾರ್ಜ್ ಒಪ್ಪಿಕೊಂಡೆ, ಆದರೆ ಒಪಿಡಿ ಬಿಡಲಿಲ್ಲ. ರೋಗಿಗಳನ್ನು ನೋಡದ ಡಾಕ್ಟರ ಮಾತಿಗೆ ವಾರ್ಡಿನಲ್ಲಿ ಬೆಲೆ ಇರಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೈ ಹಾಕಿದ್ದು ಹಾವು ಕಡಿತಕ್ಕೆ. ಕಡಿಸಿಕೊಂಡವರನ್ನು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ರಾತ್ರಿ ಜೀಪಿನಲ್ಲಿ ಹಾಕಿಕೊಂಡು ಬರುತ್ತಾರೆ. ಚಿಕಿತ್ಸೆ ಎಲ್ಲ ಡಾಕ್ಟರಿಗೂ ಗೊತ್ತು: ವಿಷ ಏರಿದ ಲಕ್ಷಣ ಇದ್ದರೆ ಮೊದಲಿಗೆ 8ರಿಂದ 10 ವಯಲ್ (ಸಣ್ಣ ಬಾಟಲಿ) ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ರಕ್ತ ಹೆಪ್ಪುಗಟ್ಟುತ್ತಾ ಅಂತ ನೋಡಲು 20 ನಿಮಿಷದ ಪರೀಕ್ಷೆ. ತೊಡಕು ಇದ್ದದ್ದು ಬೇರೆ ಕಡೆ. ಎಎಸ್‌ವಿ ಸ್ಟೋರಿನೊಳಗೆ, ಸ್ಟೋರಿಗೆ ಬೀಗ, ಬೀಗದ ಕೈ ಇರುವವರು ಮನೆಗೆ ಹೋಗಿ ಆಗಿರುತ್ತಿತ್ತು. ಪರೀಕ್ಷೆಗೆ ಶುಭ್ರವಾದ ಒಣ ಗಾಜಿನ ಟ್ಯೂಬೇ ಆಗಬೇಕು, ಪ್ಲಾಸ್ಟಿಕ್‌ ಆದರೆ ಅಥವಾ ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ನಂಬೋ ಹಾಗಿಲ್ಲ, ಆದರೆ ಆ ಟ್ಯೂಬ್ ಎಲ್ಲಿದೆ ಅಂತ ರಾತ್ರಿ ಪಾಳಿಯವರಿಗೇ ಗೊತ್ತಿರಲಿಲ್ಲ.

ಸುತ್ತೋಲೆ ಹೊರಡಿಸಬಹುದಿತ್ತು. ಅದರ ಬದಲು ಪಾಳಿ ಬದಲಾಗುವ ಹೊತ್ತಿಗೆ ಕ್ಯಾಶುವಾಲ್ಟಿಗೆ ಹೋಗಿ ನಿಂತು, "ಈಗ ಒಂದು ಕೇಸ್ ಬಂತು ಅಂದ್ಕೊಳ್ಳಿ, ಯಾರು ಎಲ್ಲಿಗೆ ಓಡ್ತೀರಿ?" ಅಂತ ಕೇಳಿದೆ.

ಹಿರಿಯ ಸಿಸ್ಟರ್ ಒಬ್ಬರು ನೇರವಾಗಿ ಹೇಳಿದರು: "ಡಾಕ್ಟ್ರೇ, ಆರ್ಡರ್ ಹಾಕಿದ್ರೆ ಒಂದು ವಾರ ನಡೀತದೆ. ಸಾಮಾನು ನಮ್ಮ ಕೈಗೆ ಕೊಡಿ, ಯಾವಾಗ್ಲೂ ನಡೀತದೆ."

ಕೊಟ್ಟೆವು. ಮೊದಲ ಡೋಸಿನಷ್ಟು ಎಎಸ್‌ವಿ, ಅದು ಅಲರ್ಜಿಯಾದರೆ ಕೊಡಲು ಅಡ್ರಿನಲಿನ್, ಗಾಜಿನ ಟ್ಯೂಬುಗಳು ಕ್ಯಾಶುವಾಲ್ಟಿಯಲ್ಲೇ. ರಿಜಿಸ್ಟರಿಗೆ ಸಹಿ ಆ ಸಿಸ್ಟರದ್ದು. ಹೊಸದಾಗಿ ಬಂದ ಡ್ಯೂಟಿ ಡಾಕ್ಟರುಗಳಿಗೆ ಅಣಕು ಅಭ್ಯಾಸ ಮಾಡಿಸುವುದೂ ಅವರೇ. ಸ್ಟೋರಿನವರಿಗೆ ಮೊದಮೊದಲು ಇದು ಸರಿ ಬರಲಿಲ್ಲ, ಲೆಕ್ಕ ತಪ್ಪಿದರೆ ಆಡಿಟಿನಲ್ಲಿ ಉತ್ತರ ಕೊಡಬೇಕಾದವರು ಅವರೇ ಅಲ್ವಾ? ಖರ್ಚಾದ ವಯಲ್ಲಿನ ಲೆಕ್ಕ ಬೆಳಿಗ್ಗೆಯೇ ಅವರ ಮೇಜಿಗೆ ಹೋಗಲು ಶುರುವಾದ ಮೇಲೆ ತಕರಾರು ನಿಂತಿತು.

ಮಳೆಗಾಲದ ತಯಾರಿ ಮೇ ತಿಂಗಳಲ್ಲೇ ಮುಗಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿಹೋದದ್ದನ್ನು ಕಂಡವರಿಗೆ "ಮೈಸೂರಿಗೆ ಕಳಿಸೋಣ" ಅನ್ನೋದನ್ನೇ ನಂಬಿಕೊಂಡು ಕೂರಲು ಆಗಲ್ಲ. ಜನರೇಟರಿಗೆ ಡೀಸೆಲ್, ಆಕ್ಸಿಜನ್, ಅಷ್ಟೇ, ದೊಡ್ಡ ವಿದ್ಯೆಯೇನಲ್ಲ.

ಕಿರಿಯ ಡಾಕ್ಟರುಗಳು ಪಿಜಿ ಮಾಡಲಾ, ಆಡಳಿತಕ್ಕೆ ಹೋಗಲಾ ಅಂತ ಕೇಳುತ್ತಾರೆ. ಸೀಟು ಸಿಕ್ಕರೆ ಪಿಜಿ ಮಾಡಿ. ಆಡಳಿತದ ಡಿಪ್ಲೊಮಾ ಇಗ್ನೋದಲ್ಲಿ ದೂರಶಿಕ್ಷಣದಲ್ಲೂ ಇದೆ, ಆಮೇಲೆ ಮಾಡಬಹುದು. ಆದರೆ ಹುದ್ದೆ ಬರಲಿ ಅಂತ ಸುಮ್ನೆ ಕಾಯಬೇಡಿ, ಒಂದು ಸಣ್ಣ ಜವಾಬ್ದಾರಿ ಕೇಳಿ ತಗೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ ಅಳೆಯುವ ಕಾಯಕಲ್ಪ ಯೋಜನೆಯ ಚೆಕ್‌ಲಿಸ್ಟ್ ಹಿಡಿದು ಆಸ್ಪತ್ರೆ ಪೂರ್ತಿ ಸುತ್ತಿದರೆ ಕಸ ಎಲ್ಲಿಗೆ ಹೋಗುತ್ತೆ, ಬಿಲ್ ಎಲ್ಲಿ ನಿಂತಿದೆ, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ತಿಳಿಯುತ್ತೆ.

ನಮ್ಮಲ್ಲಿ ಹಾಗೆ ಕೇಳಿದ ಒಬ್ಬರಿಗೆ ಡ್ಯೂಟಿ ಪಟ್ಟಿ ವಹಿಸಿದೆ. ಕೈಲ್‌ಪೊಳ್ದ್, ರಂಜಾನ್, ಕ್ರಿಸ್‌ಮಸ್ ಎಲ್ಲರದ್ದೂ ಲೆಕ್ಕ ಹಾಕಿ ತಿಂಗಳು ಮುಂಚೆಯೇ ಗೋಡೆಗೆ ಅಂಟಿಸುತ್ತಾರೆ, ಅದಲುಬದಲು ಅವರವರಲ್ಲೇ, ನನಗೆ ಫೋನ್ ಮಾಡುವಂತಿಲ್ಲ. ಈ ಸಲ ಹುತ್ತರಿ ಹಬ್ಬದ ರಾತ್ರಿಗೆ ನನ್ನ ಹೆಸರನ್ನೇ ಹಾಕಿದ್ದಾರೆ.