ತೋಟದಲ್ಲಿ ಸಿಪಿಆರ್: ನಾವು ಕಲಿತ ಬಗೆ

ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಪೇಟೆಗಳನ್ನು ಬಿಟ್ಟು ಒಳಗಿನ ತೋಟಗಳಿಗೆ ಬಂದರೆ, ಕರೆದ ಹತ್ತು ನಿಮಿಷಕ್ಕೆ 108 ಆಂಬುಲೆನ್ಸ್ ಬಂದು ನಿಲ್ಲುವ ಜಾಗ ಕಡಿಮೆ. ತಿರುವಿನ ರಸ್ತೆ, ಮಳೆಗಾಲದಲ್ಲಿ ಅಡ್ಡ ಬಿದ್ದ ಮರ, ಸಿಗ್ನಲ್ ಇಲ್ಲದ ಮೊಬೈಲ್. ಸಿಪಿಆರ್ ಅಂದರೆ ಹೃದಯ ನಿಂತವರ ಎದೆ ಒತ್ತಿ, ಬೇಕಾದಾಗ ಬಾಯಿಂದ ಉಸಿರು ಕೊಡುವುದು. ಹೀಗೆ ಒತ್ತಲು ಯಾರೂ ಇಲ್ಲದಿದ್ದರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಇನ್ನೊಂದು ಕಡೆ, ಸರಿಯಾದ ಆಳಕ್ಕೆ ಒತ್ತುವವರ ಕೈ ಎರಡು ನಿಮಿಷಕ್ಕೇ ಸೋಲುತ್ತದೆ. ಈ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ, ಒಂದು ತೋಟದಲ್ಲಿ ಒಬ್ಬರು ಕಲಿತರೆ ಏನೂ ಸಾಲದು. ಅದಕ್ಕೇ ನಾನು ಸಿಪಿಆರ್, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಮಾಡಿಸಲು ಹೊರಟಾಗ ತೋಟದ ಲೆಕ್ಕ ಬರೆಯುವ ರೈಟರ್, ಜೀಪ್ ಡ್ರೈವರ್, ಕೆಲಸಗಾರರ ಲೈನ್ ಮನೆಯ ಇಬ್ಬರು ಹೆಂಗಸರು, ಮರ ಹತ್ತುವ ಹುಡುಗ, ಎಲ್ಲರನ್ನೂ ಜೊತೆಗೆ ಸೇರಿಸಿಕೊಂಡೆ.

ಮೊದಲು ಕೋರ್ಸ್ ಆರಿಸುವ ವಿಷಯ. ಪ್ರಥಮ ಚಿಕಿತ್ಸೆಗೆ ನಮ್ಮಲ್ಲಿ ಹಳಬರು ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್ ಕ್ರಾಸ್. ಕಂಡಕ್ಟರ್ ಲೈಸೆನ್ಸ್‌ಗೆ ಬೇಕೆಂದು ಬಹಳ ಜನ ಈ ಸರ್ಟಿಫಿಕೇಟ್ ಮಾಡಿಸುತ್ತಾರೆ. ಗಾಯ, ಮೂಳೆ ಮುರಿತ, ಸುಟ್ಟ ಗಾಯ, ವಿಷ, ಬ್ಯಾಂಡೇಜು ಎಲ್ಲ ಅದರಲ್ಲಿ ಬರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ಕೋರ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಮಾಡಿದ್ದು. ಅದರ ಕಾರ್ಡಿಗೆ ಎರಡು ವರ್ಷ ಆಯಸ್ಸು, ಬರಹದ ಪರೀಕ್ಷೆಯಲ್ಲಿ ನೂರಕ್ಕೆ 84 ಬಂದರಷ್ಟೇ ಪಾಸು. ಸಾಮಾನ್ಯ ಜನರಿಗೆ ಅದೇ ಸಂಸ್ಥೆಯ ಹಾರ್ಟ್‌ಸೇವರ್ ಇದೆ. ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಜನಸಾಮಾನ್ಯರಿಗಾಗಿ ರೂಪಿಸಿದ್ದು ಕೋಲ್ಸ್, ಅಂದರೆ ಬಾಯಿಂದ ಉಸಿರು ಕೊಡದೆ ಬರೀ ಎದೆ ಒತ್ತುವ ವಿಧಾನ. ತೋಟದವರಿಗೆ ನನ್ನ ಸಲಹೆ: ಎಲ್ಲರೂ ಕೋಲ್ಸ್ ಕಲಿಯಲಿ, ಅವರಲ್ಲಿ ಇಬ್ಬರಾದರೂ ಉಸಿರು ಕೊಡುವುದು ಸೇರಿದ ಪೂರ್ತಿ ಸಿಪಿಆರ್ ಮತ್ತು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಮಾಡಿಸಲಿ.

ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಒತ್ತಿ ಅಭ್ಯಾಸ ಮಾಡುವ ಮನುಷ್ಯಾಕಾರದ ಗೊಂಬೆ ಎಷ್ಟು ಜನಕ್ಕೆ ಒಂದು? ಪ್ರತಿಯೊಬ್ಬರೂ ಎರಡು ನಿಮಿಷ ಬಿಡದೆ ಒತ್ತಿ ತೋರಿಸಬೇಕೇ? ಕನ್ನಡದಲ್ಲಿ ಹೇಳಿಕೊಡುತ್ತೀರಾ? ಐವತ್ತು ಜನಕ್ಕೆ ಒಂದು ಗೊಂಬೆ ಇಟ್ಟು ಸ್ಲೈಡ್ ತೋರಿಸಿ ಕಳಿಸುವ ಕಡೆ ಸರ್ಟಿಫಿಕೇಟ್ ಸಿಕ್ಕರೂ ಕೈ ಪಳಗುವುದಿಲ್ಲ. ಮೊಬೈಲಿನಲ್ಲೇ ವಿಡಿಯೊ ನೋಡಿ ಡೌನ್‌ಲೋಡ್ ಮಾಡಿಕೊಳ್ಳುವ ಸರ್ಟಿಫಿಕೇಟ್ ಅಂತೂ ಬೇಡವೇ ಬೇಡ. ಆರು ಜನಕ್ಕೆ ಒಂದು ಗೊಂಬೆ ಇದ್ದರೆ ಒಳ್ಳೆಯದು. ಆಳ ಸರಿಯಾದಾಗ ಟಕ್ ಎಂದು ಸದ್ದು ಮಾಡುವ ಅಥವಾ ದೀಪ ಹತ್ತುವ ಗೊಂಬೆ ಸಿಕ್ಕರೆ ಇನ್ನೂ ಒಳ್ಳೆಯದು. ಗೊಂಬೆಯನ್ನು ಮೇಜಿನ ಮೇಲಿಟ್ಟಿದ್ದರೆ ನೆಲಕ್ಕೆ ಇಳಿಸಿಕೊಡಿ ಎಂದು ಕೇಳಿ. ತೋಟದಲ್ಲಿ ಬಿದ್ದವರು ಮೇಜಿನ ಮೇಲೆ ಬೀಳುವುದಿಲ್ಲ, ಮಂಡಿಯೂರಿ ಒತ್ತುವ ಭಾರವೇ ಬೇರೆ.

ದಿನ ಗೊತ್ತು ಮಾಡುವಾಗ ಅಕ್ಟೋಬರ್ ಒಳ್ಳೆಯದು. ಮಳೆ ಕಡಿಮೆಯಾಗಿರುತ್ತದೆ, ಕಾಫಿ ಕುಯ್ಲು ಶುರುವಾಗಿರುವುದಿಲ್ಲ, ಆಳುಗಳು ಸಿಗುತ್ತಾರೆ.

ಇನ್ನು ಒತ್ತುವ ಕೆಲಸ. ಬಿದ್ದವರ ಹತ್ತಿರ ಹೋಗುವ ಮೊದಲು ಸುತ್ತ ನೋಡಿ: ತಂತಿ, ಹೆಜ್ಜೇನು, ಮುರಿದು ನೇತಾಡುವ ಕೊಂಬೆ. ಎರಡೂ ಭುಜ ತಟ್ಟಿ ಗಟ್ಟಿಯಾಗಿ ಕರೆಯಿರಿ. ಅಲುಗದಿದ್ದರೆ ಹತ್ತು ಸೆಕೆಂಡಿನೊಳಗೆ ಎದೆ ಏರಿಳಿಯುತ್ತಿದೆಯೇ ನೋಡಿ. ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಹೃದಯ ನಿಂತ ಮೇಲೂ ಕೆಲವರು ಮೀನು ಬಾಯಿ ಬಿಟ್ಟ ಹಾಗೆ ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದು ಉಸಿರೆಳೆಯುತ್ತಾರೆ. ಅದು ಉಸಿರಾಟವಲ್ಲ. ‘ಉಸಿರು ಇದೆ’ ಎಂದು ಮುಖಕ್ಕೆ ನೀರು ಚಿಮುಕಿಸುತ್ತಾ ಕೂತರೆ ಇರುವ ಸಮಯವೂ ಹೋಯಿತು. ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಎಂದರೆ ಅಷ್ಟೇ ಸಾಕು, ಒತ್ತಲು ಶುರು ಮಾಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಸಿಗ್ನಲ್ ಇಲ್ಲದ ಕಡೆಯಾದರೆ ಸಿಗ್ನಲ್ ಸಿಗುವ ಜಾಗಕ್ಕೆ ಬೈಕಿನಲ್ಲಿ ಓಡಲಿ. ಇನ್ನೊಬ್ಬರು ಗೇಟಿಗೆ ಹೋಗಿ ನಿಲ್ಲಲಿ.

ಜರ್ಕಿನ್, ಸ್ವೆಟರ್ ಸರಿಸಿ ಎದೆ ಕಾಣುವ ಹಾಗೆ ಮಾಡಿ. ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ, ಬೆರಳು ಹೆಣೆದು ಮೇಲಕ್ಕೆತ್ತಿ. ಮೊಣಕೈ ಮಡಚಬಾರದು. ನಿಮ್ಮ ಭುಜ ನೇರ ಅವರ ಎದೆಯ ಮೇಲೆ ಬರಬೇಕು. ಒತ್ತುವುದು ತೋಳಿನಿಂದಲ್ಲ, ಸೊಂಟದಿಂದ ಬರುವ ಭಾರದಿಂದ. ದೊಡ್ಡವರಿಗೆ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಒತ್ತಿದಷ್ಟೇ ಮುಖ್ಯ ಪೂರ್ತಿ ಬಿಡುವುದು. ದಣಿದವರು ತಮಗೆ ಗೊತ್ತಿಲ್ಲದೆ ಎದೆಯ ಮೇಲೇ ಒರಗುತ್ತಾರೆ, ಆಗ ಹೃದಯಕ್ಕೆ ವಾಪಸು ರಕ್ತ ತುಂಬುವುದಿಲ್ಲ. ಎರಡನೆಯ ದೋಷ, ಕೈ ಮೆಲ್ಲಗೆ ಹೊಟ್ಟೆಯ ಕಡೆ ಜಾರುವುದು. ಪಕ್ಕೆಲುಬು ಕಟಕ್ ಎಂದರೆ ಕೈ ಸರಿಯಾದ ಜಾಗದಲ್ಲಿದೆಯೇ ನೋಡಿಕೊಂಡು ಮುಂದುವರಿಸಿ. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಪೂರ್ತಿ ಸಿಪಿಆರ್‌ನಲ್ಲಿ 30 ಸಲ ಒತ್ತಿ 2 ಉಸಿರು ಕೊಡಬೇಕು, ಅದಕ್ಕೇ 30ರವರೆಗೆ ಎಣಿಕೆ. ಈ ಎಣಿಕೆಯಲ್ಲಿ ಕನ್ನಡದವರಿಗೆ ಒಂದು ತೊಡಕಿದೆ. ಒಂದು, ಎರಡು, ಮೂರು ಎಂದು ಎಣಿಸುವಾಗ ವೇಗ ಸರಿ ಇರುತ್ತದೆ. ಇಪ್ಪತ್ತು ದಾಟಿ ‘ಇಪ್ಪತ್ತಾರು, ಇಪ್ಪತ್ತೇಳು’ ಬರುವಷ್ಟರಲ್ಲಿ ಬಾಯಿ ಜೊತೆ ಕೈಯೂ ನಿಧಾನವಾಗುತ್ತದೆ. ನಾವು ಒಂದರಿಂದ ಹತ್ತನ್ನು ಮೂರು ಸಲ ಎಣಿಸುವ ಅಭ್ಯಾಸ ಮಾಡಿಕೊಂಡೆವು. 30 ಸಲ ಒತ್ತಲು 15ರಿಂದ 18 ಸೆಕೆಂಡು ಹಿಡಿಯಬೇಕು. ಅದಕ್ಕಿಂತ ಬೇಗ ಮುಗಿದರೆ ಆಳ ಸಿಕ್ಕಿರುವುದಿಲ್ಲ. ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಮೊಬೈಲಿನ ಮೆಟ್ರೊನೋಮ್ ಆ್ಯಪನ್ನು 110ಕ್ಕೆ ಇಟ್ಟು ಅಭ್ಯಾಸ ಮಾಡಿ. ಎರಡು ನಿಮಿಷಕ್ಕೆ ಆಳು ಬದಲಾಯಿಸಿ. ಮುಂದಿನವರು ಎದುರು ಬದಿಯಲ್ಲಿ ಮಂಡಿಯೂರಿ ತಯಾರಿರಬೇಕು. ಕೈ ಬದಲಾಗುವ ಅಂತರ ಐದು ಸೆಕೆಂಡು ಮೀರಬಾರದು. ಅಸ್ಸಾಂ ಕಡೆಯ ಕೆಲಸಗಾರರು ಇದ್ದರೆ ‘ಬದಲಿ’ ಎನ್ನುವ ಒಂದು ಕೂಗನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ, ಭಾಷೆಯ ಗೊಂದಲ ಇರುವುದಿಲ್ಲ.

ಲೈನ್ ಮನೆಯ ಮಂಚ, ಹಾಸಿಗೆಯ ಮೇಲೆ ಒತ್ತಿದರೆ ಅರ್ಧ ಆಳ ಹಾಸಿಗೆಗೇ ಹೋಗುತ್ತದೆ. ನೆಲಕ್ಕೆ ಇಳಿಸಿ. ಇಳಿಜಾರಾದರೆ ಹತ್ತಿರದ ದಾರಿಗೆ ಎಳೆದುಕೊಳ್ಳಿ. ಓಡುವ ಜೀಪಿನ ಹಿಂಬದಿಯಲ್ಲಿ ಸಿಪಿಆರ್ ಸರಿಯಾಗಿ ಆಗುವುದಿಲ್ಲ. ಆಂಬುಲೆನ್ಸ್ ಬರುವುದು ಖಚಿತವಿದ್ದರೆ ಇದ್ದಲ್ಲೇ ಒತ್ತುತ್ತಿರಿ. ಎದೆನೋವು ಬಂದು ಮಾತಾಡುತ್ತಿರುವವರ ವಿಷಯ ಬೇರೆ, ಅವರನ್ನು ನಡೆಸದೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಉಸಿರು ಕೊಡುವುದು ಯಾವಾಗ ಬೇಕೇ ಬೇಕು? ನೀರಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ. ಕಾವೇರಿ, ಹಾರಂಗಿ, ಚೇಲಾವರ ಜಲಪಾತ, ತೋಟದ ಕೆರೆ, ಎಲ್ಲಿಂದ ಮೇಲೆತ್ತಿದರೂ ಅವರ ತೊಂದರೆ ಶುರುವಾದದ್ದು ಉಸಿರು ಕಟ್ಟಿ. ಮೊದಲು ಎರಡು ಉಸಿರು ಕೊಟ್ಟು ಆಮೇಲೆ 30 ಒತ್ತು, 2 ಉಸಿರು. ಹೊಟ್ಟೆ ಅಮುಕಿ ನೀರು ತೆಗೆಯಲು, ತಲೆಕೆಳಗೆ ಮಾಡಿ ತಿರುಗಿಸಲು ಹೋಗಬೇಡಿ. ಸಮಯ ಹೋಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಒಂದು ಸೆಕೆಂಡಿನ ಉಸಿರು, ಎದೆ ಏಳುವಷ್ಟು ಮಾತ್ರ. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ. ತೋಟಕ್ಕೆ ಹೊಡೆಯುವ ಔಷಧಿ ಕುಡಿದವರಿಗೆ ಪಾಕೆಟ್ ಮಾಸ್ಕ್ (ಬಾಯಿಗೆ ಬಾಯಿ ತಗುಲದಂತೆ ಉಸಿರು ಕೊಡುವ ಮುಖವಾಡ) ಇಲ್ಲದೆ ಬಾಯಿ ಇಡಬೇಡಿ, ವಿಷ ನಿಮಗೂ ತಗುಲುತ್ತದೆ.

ಕೊಡಗಿನಲ್ಲಿ ಇದನ್ನು ಕಲಿಯಲು ದೊಡ್ಡ ಕಾರಣವೇ ಅಲ್ಯೂಮಿನಿಯಂ ಏಣಿ. ಕಾಳುಮೆಣಸು ಕುಯ್ಯುವಾಗ, ಮರದ ಕೊಂಬೆ ಕಪಾತು ಮಾಡುವಾಗ ಏಣಿ ವಾಲಿ ಕರೆಂಟ್ ಲೈನಿಗೆ ತಗುಲುತ್ತದೆ. 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನಾದರೆ ಒಣ ಕೋಲು, ರಬ್ಬರ್ ಚಪ್ಪಲಿ ಯಾವುದನ್ನೂ ನಂಬಬೇಡಿ; ಏಣಿಯ ಸುತ್ತಲಿನ ನೆಲದಲ್ಲೂ ಕರೆಂಟ್ ಇರುತ್ತದೆ. ಲೈನ್‌ಮ್ಯಾನ್‌ಗೆ ಅಥವಾ ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಯಿತು ಎಂದು ಅವರ ಬಾಯಿಂದ ಕೇಳುವವರೆಗೆ ದೂರ ನಿಲ್ಲಿ. ಓಡಿಹೋಗಿ ಹಿಡಿದವರು ಎರಡನೆಯ ಹೆಣವಾಗುತ್ತಾರೆ, ಇದನ್ನು ಆಳುಗಳಿಗೆ ಮತ್ತೆ ಮತ್ತೆ ಹೇಳಿ. ಲೈನ್ ಸತ್ತ ಮೇಲೆ ಮಾತ್ರ ಒಂದು ಕ್ಷಣವೂ ತಡಮಾಡಬಾರದು. ಕರೆಂಟ್ ಹೊಡೆದು ನಿಂತ ಹೃದಯ ಬಹಳ ಸಲ ಆರೋಗ್ಯವಂತ ಹರೆಯದವರದು. ಕೂಡಲೇ ಒತ್ತಿ, ಎಇಡಿಯ (ಎದೆಯ ಮೇಲೆ ಪ್ಯಾಡ್ ಅಂಟಿಸಿ ಹೃದಯಕ್ಕೆ ಶಾಕ್ ಕೊಡುವ ಯಂತ್ರದ) ಶಾಕ್ ಬೇಗ ಸಿಕ್ಕರೆ ಮರಳಿ ಬರುವ ಸಾಧ್ಯತೆ ಚೆನ್ನಾಗಿರುತ್ತದೆ. ಎಇಡಿ ಯಂತ್ರ ಹತ್ತಿರ ಎಲ್ಲಿದೆ ಎಂದು ಈಗಲೇ ವಿಚಾರಿಸಿ ಬರೆದಿಡಿ. ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ. ಎದೆ ಒದ್ದೆ ಇದ್ದರೆ ಮೊದಲು ಒರೆಸಿ. ಶಾಕ್ ಆದ ಕೂಡಲೇ ನಾಡಿ ಹುಡುಕದೆ ಮತ್ತೆ ಒತ್ತಲು ಶುರು.

ಪ್ರಥಮ ಚಿಕಿತ್ಸೆಯ ಉಳಿದ ಪಾಠದಲ್ಲಿ ನಮ್ಮ ಕಡೆಗೆ ಬೇಕಾದವು ಕೆಲವೇ. ಮರ ಕೊಯ್ಯುವ ಯಂತ್ರ, ಕಳೆ ಹೊಡೆಯುವ ಯಂತ್ರದ ಗಾಯಕ್ಕೆ ಗಾಜ್ ಒತ್ತಿ ಹಿಡಿಯಿರಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ನಿಲ್ಲದಿದ್ದರೆ ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ ಟೂರ್ನಿಕೆ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ) ಬಿಗಿದು, ಬಿಗಿದ ಸಮಯ ಬರೆದಿಡಿ. ಅದೇ ಟೂರ್ನಿಕೆಯನ್ನು ಹಾವು ಕಚ್ಚಿದವರಿಗೆ ಕಟ್ಟಬಾರದು. ಅವರಿಗೆ ಕೈಕಾಲು ಅಲುಗದಂತೆ ಮರದ ಪಟ್ಟಿ ಕಟ್ಟಿ, ಉಂಗುರ ಬಳೆ ತೆಗೆದು, ಹೊತ್ತುಕೊಂಡು ಸಾಗಿಸಿ. ಗಾಯ ಕೊಯ್ಯುವುದು, ಹೀರುವುದು ಬೇಡ. ಹೆಜ್ಜೇನು ಕಚ್ಚಿದವರ ಮುಳ್ಳು ಉಗುರಿನಲ್ಲಾದರೂ ಸರಿ, ಬೇಗ ಕೆರೆದು ತೆಗೆಯಿರಿ. ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಅಡ್ರಿನಲಿನ್ ಇಂಜೆಕ್ಷನ್ ಸಿಗುವ ಆಸ್ಪತ್ರೆಗೇ ಹೋಗಬೇಕು. ಊಟದಲ್ಲಿ ಮಾಂಸದ ತುಂಡು ಸಿಕ್ಕಿಕೊಂಡು ಕೆಮ್ಮಲೂ ಆಗದವರಿಗೆ ಬೆನ್ನಿಗೆ ಐದು ಗುದ್ದು, ಹೊಟ್ಟೆಗೆ ಹಿಂದಿನಿಂದ ಐದು ಎಳೆತ, ಹೊರಬರುವವರೆಗೆ. ಪ್ರಜ್ಞೆ ತಪ್ಪಿದರೆ ಸಿಪಿಆರ್. ಜಿಗಣೆಗೆ ಇದ್ಯಾವುದೂ ಬೇಡ.

ರಸ್ತೆ ಅಪಘಾತದಲ್ಲಿ ನೆರವಾದರೆ ಪೊಲೀಸ್ ಕೇಸು ಮೈಮೇಲೆ ಬರುತ್ತದೆ ಎಂಬ ಭಯ ಈಗಲೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ತರಬೇತಿಯ ದಿನ ಇದನ್ನು ಎಲ್ಲರಿಗೂ ಹೇಳಿ.

ಪೆಟ್ಟಿಗೆಯಲ್ಲಿ ಗ್ಲೌಸ್, ಗಾಜ್, 10 ಸೆಂಟಿಮೀಟರ್ ಅಗಲದ ರೋಲರ್ ಬ್ಯಾಂಡೇಜ್, ನಾಲ್ಕು ತ್ರಿಕೋನ ಬ್ಯಾಂಡೇಜ್, ಟೂರ್ನಿಕೆ, ಪಾಕೆಟ್ ಮಾಸ್ಕ್, ಗಟ್ಟಿ ಕತ್ತರಿ, ಟಾರ್ಚ್ ಇರಲಿ. ಬಂಗಲೆಯ ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಒಂದು ಜೀಪಿನಲ್ಲಿ, ಒಂದು ಕಣದ ಹತ್ತಿರ. ನಮ್ಮ ಮಳೆಗಾಲಕ್ಕೆ ಪ್ಲಾಸ್ಟರಿನ ಅಂಟು ಬಿಟ್ಟುಹೋಗುತ್ತದೆ, ಗಾಜ್ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮಳೆ ಮುಗಿದ ಮೇಲೆ ಎಲ್ಲ ತೆಗೆದು ನೋಡಿ.

ಕಾರ್ಡಿನ ಅವಧಿ ಎಷ್ಟೇ ಇರಲಿ, ಕೈಯ ಅಭ್ಯಾಸ ಆರು ತಿಂಗಳೊಳಗೇ ತಪ್ಪಲು ಶುರುವಾಗುತ್ತದೆ. ನಾವು ಮೂರು ತಿಂಗಳಿಗೊಮ್ಮೆ ಸಂಬಳದ ದಿನ ಕಣದಲ್ಲಿ ಸೇರಿ, ಗಟ್ಟಿಯಾಗಿ ತುಂಬಿದ ಗೋಣಿಚೀಲದ ಮೇಲೆ ಎರಡೆರಡು ನಿಮಿಷ ಕೈ ಬದಲಾಯಿಸುತ್ತಾ ಒತ್ತುತ್ತೇವೆ. ಚೀಲದಲ್ಲಿ ಆಳ ಗೊತ್ತಾಗುವುದಿಲ್ಲ. ವೇಗ, ಎಣಿಕೆ, ಕೈ ಬದಲಾವಣೆ ಮಾತ್ರ ತಿದ್ದಿಕೊಳ್ಳಬಹುದು. ಆಳಕ್ಕೆ ವರ್ಷಕ್ಕೊಮ್ಮೆ ಗೊಂಬೆಯೇ ಬೇಕು. ಕುಯ್ಲಿಗೆ ಹೊಸ ಆಳುಗಳು ಬಂದ ವಾರವೇ ಅವರನ್ನೂ ಸಾಲಿನಲ್ಲಿ ಸೇರಿಸಿಕೊಳ್ಳಿ.