ಕಾಕಾನ ಸ್ಟಾರ್ಟರ್ ಪೆಟ್ಟಿಗೆಗೆ ಕೊನೆಗೂ ವಿಮೆ ರೊಕ್ಕ ಬಂತು

ಹೋದ ತಿಂಗಳು 41 ಸಾವಿರ ರೂಪಾಯಿ ಜಮಾ ಆಯಿತು. ನನಗಲ್ಲ, ಕಲಘಟಗಿ ಕಡೆಯ ಒಬ್ಬ ಕಾಕಾನ ಖಾತೆಗೆ. ನಮ್ಮ ಆಫ್‌ರೋಡ್ (ರಸ್ತೆ ಬಿಟ್ಟು ಕೆಸರು-ಒಡ್ಡಿನ ಮೇಲೆ ಗಾಡಿ ಓಡಿಸುವ) ಸ್ಪರ್ಧೆಯಲ್ಲಿ ಒಂದು ಜೀಪು ಬದು ದಾಟಿ ಜಾರಿ ಅವರ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಯನ್ನು ಅಪ್ಪಚ್ಚಿ ಮಾಡಿತ್ತು. ಕೊಟ್ಟದ್ದು ವಿಮಾ ಕಂಪನಿ. 'ಸ್ಪರ್ಧೆ ಗಾಡಿಗೆ ಕಂಪನಿಯವ್ರು ಒಂದ್ ಪೈಸೆ ಬಿಚ್ಚಂಗಿಲ್ಲ, ಸುಮ್ನ ರೊಕ್ಕ ಹಾಳ ಮಾಡಾಕತ್ತಿ' ಅಂತ ಎರಡು ವರ್ಷ ಆಡಿಕೊಂಡವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದ ದಿನ ಯಾರೂ ತುಟಿ ಬಿಚ್ಚಲಿಲ್ಲ. ಹೆಬ್ಬೆರಳು ಮಾತ್ರ ಎಂಟು ಬಂದವು.

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ನನ್ನದು ಡೀಸೆಲ್ ಪಂಪ್, ನಾಜಲ್ ರಿಪೇರಿ ಕೆಲಸ. ಗಾಡಿ ಮಹೀಂದ್ರಾ ಎಂಎಂ540 ಜೀಪು, 2112 ಸಿಸಿಯ ಪೂಜೋ ಎಂಜಿನ್, ಕೆಎ-25 ಪಾಸಿಂಗ್. ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ), ಟೈರುಗಳ ಸುದ್ದಿ ಇಲ್ಲಿ ಎತ್ತುವುದಿಲ್ಲ. ಅದು ನಿಮಗೆಲ್ಲ ಗೊತ್ತಿದ್ದದ್ದೇ.

ಶುರುವಾದದ್ದು 2022ರ ಮಳೆಗಾಲದಲ್ಲಿ. ಎರಿಮಣ್ಣಿನ ಹೊಲ, ಹಿಂದಿನ ರಾತ್ರಿ ಹದವಾಗಿ ಮಳೆ. ಇಪ್ಪತ್ತು ಗಾಡಿ ಇದ್ದವೇನೋ. ಎಂಟ್ರಿ ಫೀ 2 ಸಾವಿರ, ಅದರಲ್ಲೇ ಊಟ. ಎಲ್ಲರಿಂದ ಬಾಂಡ್ ಪೇಪರ್ ಮೇಲೆ 'ಏನಾದರೂ ಆದರೆ ನಾನೇ ಜವಾಬ್ದಾರ' ಅಂತ ಸಹಿ ಹಾಕಿಸಿಕೊಂಡಿದ್ದೆವು. ನಮ್ಮ ವಿಮೆ ಅಂದರೆ ಅಷ್ಟೇ. ಮೂರನೇ ಹಂತದಲ್ಲಿ ನನ್ನ ಜೀಪು ಒಡ್ಡು ಹತ್ತಿ ತುದಿಯಲ್ಲಿ ನಿಂತಿತು, ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿದೆ, ನಾಲ್ಕೂ ಗಾಲಿ ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಎರಿಮಣ್ಣು ಟೈರಿನ ಕಟ್ಟಿನಲ್ಲಿ ತುಂಬಿಕೊಂಡರೆ 33 ಇಂಚಿನ ಮಡ್ ಟೈರೂ ಒಂದೇ, ಹಪ್ಪಳ ಲಟ್ಟಿಸುವ ಲಟ್ಟಣಿಗೆಯೂ ಒಂದೇ. ಹಿಂದೆ ಜನ ನಿಂತಿದ್ದರು. ಹಾವೇರಿ ಕಡೆ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಜನ ಅಖಾಡದ ಒಳಗೇ ನಿಲ್ಲುತ್ತಾರಲ್ಲ, ಹಾಗೆ. ಒಬ್ಬ ಹುಡುಗನ ಕಣಕಾಲು ಮುರಿಯಿತು, ಪಕ್ಕದಲ್ಲಿದ್ದ ಬೈಕು ಕೆಳಗೆ ಸಿಕ್ಕಿತು.

ಆಪರೇಷನ್, ಪ್ಲೇಟು, ಔಷಧಿ ಎಲ್ಲ ಸೇರಿ 1 ಲಕ್ಷ 10 ಸಾವಿರ. ಮೂರು ತಿಂಗಳು ಕೂಲಿ ತಪ್ಪಿದ್ದಕ್ಕೆ 30 ಸಾವಿರ. ಬೈಕಿಗೆ 24 ಸಾವಿರ. ಮನೆಯವಳ ಭಿಶಿ (ಚೀಟಿ) ಎತ್ತಿದೆ, ಬಿಡಿಯಾಗಿ ಇಟ್ಟಿದ್ದ ಒಂದು ಗೇರ್‌ಬಾಕ್ಸ್ ಮಾರಿದೆ. ಆ ಗೇರ್‌ಬಾಕ್ಸಿನ ನೆನಪು ಇನ್ನೂ ಹೊಟ್ಟೆಯಲ್ಲಿ ಕುಟ್ಟುತ್ತದೆ.

ಪಾಲಿಸಿ ಇತ್ತಲ್ಲ ಅಂತೀರಿ. ಇತ್ತು. ಆ ವರ್ಷ ಜೂನ್‌ನಿಂದ 1500 ಸಿಸಿ ಮೇಲಿನ ಕಾರು-ಜೀಪಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ ವಿಮೆ) ಕಂತು 7,897 ಆಗಿತ್ತು, ಜಿಎಸ್‌ಟಿ ಬೇರೆ. ಅಷ್ಟನ್ನೂ ಕಟ್ಟಿದ್ದೆ. ಹಾನಿ ಪರಿಶೀಲಿಸಲು ಕಂಪನಿಯ ಸರ್ವೇಯರ್ ವರ್ಕ್‌ಶಾಪಿಗೆ ಬಂದರು, ಬಾನೆಟ್ ಎತ್ತಲಿಲ್ಲ, ಹಿಂದಿನ ಬಂಪರ್ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಮೇಲೆ ಅಂಟಿಸಿದ್ದ ಸ್ಪರ್ಧೆ ನಂಬರಿನ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ, 'ಇದೇನ್ರೀ ಇದು, 17?' ಅಂದರು. ನಾನು ಸುಮ್ಮನಾದೆ. ಆಮೇಲೆ ಮೊಬೈಲ್ ತೆಗೆದು ನಮ್ಮದೇ ಹುಡುಗರು ಹಾಕಿದ್ದ ವಿಡಿಯೊ ತೋರಿಸಿದರು: ಬಾವುಟ, ಮೈಕು, ಸ್ಟಾಪ್‌ವಾಚು, ನಡುವೆ ನನ್ನ ಜೀಪು. ಪಾಲಿಸಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಸಂಘಟಿತ ರೇಸು, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆ ಪರೀಕ್ಷೆ), ಇವಕ್ಕೆ ಬಳಸಿದರೆ ಪಾಲಿಸಿ ಇಲ್ಲ. ಎಲ್ಲರ ಪಾಲಿಸಿಯಲ್ಲೂ ಈ ಸಾಲು ಇದೆ. ನಿಮ್ಮದನ್ನು ತೆಗೆದು ನೋಡಿರಿ.

ಧಾರವಾಡದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಹೇಳಿದ್ದು ಮೂರೇ ಮಾತು. ಒಂದು, ಮೋಟಾರು ವಾಹನ ಕಾಯ್ದೆ 146ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸಲು ಥರ್ಡ್ ಪಾರ್ಟಿ ಇರಲೇಬೇಕು. ಸಾರ್ವಜನಿಕ ಜಾಗ ಅಂದರೆ ರಸ್ತೆಯೊಂದೇ ಅಲ್ಲ, ಜನರಿಗೆ ಬರಲು ಹಕ್ಕಿರುವ ಜಾಗ. 'ಬೋರ್ಡ್ ಬರೆಸಿ, ಮೈಕ್ ಹಚ್ಚಿ ಊರನ್ನೇ ಕರೆದ ಮೇಲೆ ಖಾಸಗಿ ಹೊಲ ಅಂತ ಕೋರ್ಟಿನಾಗ ಹೆಂಗ್ ಹೇಳ್ತೀರಿ?' ಎರಡು, ರೇಸಿಗೆ ಬಳಸಿದ್ದನ್ನು ಕಂಪನಿ ತನ್ನ ವಾದವಾಗಿ ಇಡಲು 150ನೇ ಕಲಮಿನಲ್ಲೇ ಅವಕಾಶ ಇದೆ. ನ್ಯಾಯಮಂಡಳಿ 'ಮೊದಲು ನೀವು ಕೊಡಿ' ಅಂದರೂ ಆಮೇಲೆ ನಿಮ್ಮಿಂದಲೇ ವಸೂಲಿ ಮಾಡಿಕೊಳ್ಳುತ್ತಾರೆ. ಮೂರು, ಬಾಂಡ್ ಪೇಪರಿಗೆ ಸಹಿ ಹಾಕಿದವನು ನೀನು, ಕಾಲು ಮುರಿದುಕೊಂಡವನು ಅದಕ್ಕೆ ಸಹಿ ಹಾಕಿಲ್ಲ. ಫೀ ಕೊಡಲು ಹೋದರೆ 'ಪೇಢೆ ತಂದುಕೊಡು' ಅಂದರು. ಲೈನ್ ಬಜಾರಿಗೆ ಹೋಗಿ ಅರ್ಧ ಕೆಜಿ ತಂದುಕೊಟ್ಟೆ. ಈ ಇಡೀ ಕಥೆಯಲ್ಲಿ ನಾನು ಕೊಟ್ಟ ಅತಿ ಅಗ್ಗದ ಹಣ ಅದು.

2023ರಲ್ಲಿ ಬುದ್ಧಿ ಬಂತು ಅಂದುಕೊಂಡೆ. ಸ್ಪರ್ಧೆಗೇ ಒಂದು ಪಬ್ಲಿಕ್ ಲಯಬಿಲಿಟಿ (ಕಾರ್ಯಕ್ರಮದಿಂದ ಬೇರೆಯವರಿಗೆ ಆದ ಹಾನಿ ತುಂಬಿಕೊಡುವ) ಪಾಲಿಸಿ ಮಾಡಿಸೋಣ ಅಂತ ಏಜೆಂಟರನ್ನು ಹಿಡಿದೆ. ಮೊದಲನೆಯವರು ತಂದ ಫಾರಂ ನೋಡಿ ನಗು ತಡೆಯಲಾಗಲಿಲ್ಲ. ಅಪಾಯಕಾರಿ ವಸ್ತು ಯಾವುದು, ಎಷ್ಟು ಸಂಗ್ರಹ ಇದೆ ಅಂತ ಕೇಳಿತ್ತು. ಅದು 1991ರ ಕಾಯ್ದೆಯ ಪಾಲಿಸಿ, ರಾಸಾಯನಿಕ ಕಾರ್ಖಾನೆಗಳಿಗೆ ಮಾಡಿದ್ದು. ಹೆಸರು ಮಾತ್ರ ಒಂದೇ. ಎರಡನೆಯವರು ಸರಿಯಾದದ್ದನ್ನೇ ತಂದರು, 14 ಸಾವಿರ ಚಿಲ್ಲರೆ ಕಟ್ಟಿದೆ, ಎದೆ ಉಬ್ಬಿಸಿಕೊಂಡು ಸ್ಪರ್ಧೆ ಮಾಡಿದೆವು. ದೇವರ ದಯೆ, ಆ ವರ್ಷ ಏನೂ ಆಗಲಿಲ್ಲ. ಮುಗಿದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಆ ಪಾಲಿಸಿ ಓದುತ್ತ ಕೂತರೆ ಹೊರಗಿಟ್ಟವುಗಳ ಪಟ್ಟಿಯಲ್ಲಿ ಇದೆ: ಕಾನೂನು ಪ್ರಕಾರ ಕಡ್ಡಾಯ ವಿಮೆ ಬೇಕಾದ ಮೋಟಾರು ವಾಹನದಿಂದ ಆದ ಹಾನಿಗೆ ಈ ಪಾಲಿಸಿ ಇಲ್ಲ. ಪೆಂಡಾಲ್ ಬಿದ್ದರೆ ಇದೆ, ಊಟದಿಂದ ವಾಂತಿ ಆದರೆ ಇದೆಯೋ ಏನೋ, ಜೀಪು ಹಾಯ್ದರೆ ಇಲ್ಲ!

ಗಂಟು ಎಲ್ಲಿದೆ ಅಂತ ತಿಳಿದದ್ದು ಆ ರಾತ್ರಿ. ಗಾಡಿ ಪಾಲಿಸಿ ಹೇಳುತ್ತದೆ, ಸ್ಪರ್ಧೆ ಆದರೆ ನಾನಿಲ್ಲ. ಸ್ಪರ್ಧೆಯ ಪಾಲಿಸಿ ಹೇಳುತ್ತದೆ, ಗಾಡಿ ಆದರೆ ನಾನಿಲ್ಲ. ಎರಡನ್ನೂ ಕೊಂಡವನು ನಡುವಿನ ಹಳ್ಳಕ್ಕೆ ಬೀಳುತ್ತಾನೆ. ಗೆಳೆಯರು ಹೇಳುತ್ತಿದ್ದದ್ದು ಅರ್ಧ ಖರೆ, ಅದನ್ನು ಒಪ್ಪುತ್ತೇನೆ.

2024ರಲ್ಲಿ ಎರಡೂ ದಂಡೆಯಿಂದ ಆ ಹಳ್ಳ ಮುಚ್ಚುತ್ತ ಬಂದೆ. ಗಾಡಿ ಕಡೆಯಿಂದ ಐಎಂಟಿ 31. ಮೋಟಾರು ಟ್ಯಾರಿಫಿನಲ್ಲಿ (ಗಾಡಿ ವಿಮೆಯ ನಿಯಮ-ದರಗಳ ಪುಸ್ತಕ) ಇರುವ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ಸಾಲು, ಇದು, ಖಾಸಗಿ ಕಾರು ಮತ್ತು ಬೈಕುಗಳಿಗೆ ರಿಲಯಬಿಲಿಟಿ ಟ್ರಯಲ್, ರ‍್ಯಾಲಿಗೆಂದೇ ಮಾಡಿದ್ದು. ಯಾವ ಕಾರ್ಯಕ್ರಮ, ಎಲ್ಲಿ, ಯಾವ ತಾರೀಖು, ಯಾರ ಆಶ್ರಯ, ಎಲ್ಲ ಬರೆಸಿ ಹೆಚ್ಚುವರಿ ಕಂತು ಕಟ್ಟಬೇಕು. ಆದರೆ ಅದರಲ್ಲೂ ರೇಸು ಮತ್ತು ವೇಗ ಪರೀಕ್ಷೆ ಹೊರಗೇ ಇವೆ. ಗಾಡಿ ಒಳಗೆ ಕೂತವರಿಗೂ ಇಲ್ಲ. ಪಕ್ಕದಲ್ಲಿ ಕೂತು ಹಾದಿ ಹೇಳುವ ನ್ಯಾವಿಗೇಟರ್‌ಗೆ ಬೇರೆ ಅಪಘಾತ ವಿಮೆ ಮಾಡಿಸಬೇಕು, ಅದರದ್ದು ಇನ್ನೊಂದು ರಾಮಾಯಣ.

ಹಾಗಾಗಿ ಸ್ಪರ್ಧೆಯ ಸ್ವರೂಪವನ್ನೇ ಬದಲಿಸಿದೆವು. ಯಾರು ಬೇಗ ಬಂದರು ಅನ್ನುವುದಕ್ಕೆ ಅಂಕ ಇಲ್ಲ. ಗೂಟ ಮುಟ್ಟಿದರೆ, ಹಿಂದಕ್ಕೆ ಸರಿದರೆ, ವಿಂಚ್ ಹಾಕಿದರೆ ದಂಡದ ಅಂಕ. ಕಡಿಮೆ ದಂಡ ಬಿದ್ದವನು ಗೆದ್ದ. ಗಡಿಯಾರ ಇರುವುದು ಹತ್ತು ನಿಮಿಷ ದಾಟಿದವನನ್ನು ಹೊರಗೆ ಕಳಿಸಲು ಮಾತ್ರ. ಇದಕ್ಕೆ ಆದಷ್ಟು ಗಲಾಟೆ ಯಾವುದಕ್ಕೂ ಆಗಲಿಲ್ಲ. 'ಇದೇನು ಸೈಕಲ್ ನಿಧಾನ ಓಟ ಏನ್ಲೇ?' ಅಂತ ಹಾನಗಲ್ಲಿನ ಗೆಳೆಯ ಎದ್ದು ಹೋದ. ಆಮೇಲೆ ತಾನೇ ಬಂದ, ಎರಡನೇ ಬಹುಮಾನ ತಗೊಂಡ, ಈಗ ಇದೇ ಚಲೋ ಅನ್ನುತ್ತಾನೆ.

ಕೌಂಟರಿನಲ್ಲಿ ಐಎಂಟಿ 31 ಅಂದರೆ ಮೊದಲ ಆಫೀಸಿನಲ್ಲಿ ಕಣ್ಣು ಕಣ್ಣು ಬಿಟ್ಟರು. ಎರಡನೆಯ ಕಡೆ ಒಬ್ಬ ಹಿರಿಯ ಅಧಿಕಾರಿ, ರಿಟೈರ್ ಆಗಲು ವರ್ಷ ಉಳಿದಿರಬೇಕು, 'ಇದನ್ನ ಕೇಳಿ ಯಾವ ಕಾಲ ಆತ್ರೀ' ಅಂತ ಕಪಾಟಿನಿಂದ ಹಳೇ ಪುಸ್ತಕ ತೆಗೆದು ಧೂಳು ಕೊಡವಿದರು. ಗಾಡಿಗೆ ಸಾವಿರದೊಳಗೇ ಮುಗಿಯಿತು. ಆನ್‌ಲೈನಿನಲ್ಲಿ ಪಾಲಿಸಿ ಕೊಂಡ ಹುಡುಗರಿಗೆ ಮಾತ್ರ ಆಗಲಿಲ್ಲ. ಕಾಲ್ ಸೆಂಟರಿಗೆ ಫೋನ್ ಹಚ್ಚಿದರೆ 'ಜೀರೋ ಡೆಪ್ ಬೇಕಾ ಸರ್?' ಅಂತ ಸಂಬಂಧವಿಲ್ಲದ ಬೇರೆ ಆಡ್-ಆನ್ ಕೇಳುತ್ತಾರೆ. 32 ಗಾಡಿಯಲ್ಲಿ 11ಕ್ಕೆ ಸಿಕ್ಕಿತು. ರೋಲ್ ಕೇಜು (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಚೌಕಟ್ಟು), ಎತ್ತರಿಸಿದ ಸಸ್ಪೆನ್ಷನ್ ಇದ್ದ ಎರಡು ಗಾಡಿಗಳನ್ನು ನೋಡಿಯೇ ವಾಪಸ್ ಕಳಿಸಿದರು. ಕಂಪನಿ ಕೊಟ್ಟ ವಿನ್ಯಾಸ ಮೀರಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅವರ ಕೈಯಲ್ಲಿ ದೊಡ್ಡ ಬಡಿಗೆ ಸಿಕ್ಕಂತಾಗಿದೆ. ನಾನು ರಸ್ತೆಗೆ ಮೂಲ ಟೈರಿನಲ್ಲೇ ಬರುತ್ತೇನೆ, ಮಡ್ ಟೈರು ಟ್ರಾಲಿಯಲ್ಲಿ ಬರುತ್ತವೆ, ಹೊಲದಲ್ಲಿ ಬದಲಿಸುತ್ತೇನೆ. ಅರ್ಧ ತಾಸಿನ ಕೆಲಸ.

ಇನ್ನೊಂದು ದಂಡೆ ಪಬ್ಲಿಕ್ ಲಯಬಿಲಿಟಿ. ಈ ಸಲ ಏಜೆಂಟರನ್ನು ಬಿಟ್ಟು ಬ್ರೋಕರ್ ಮೂಲಕ ಪಾಲಿಸಿ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಅಂಡರ್‌ರೈಟರ್‌ಗೆ ನೇರ ಪತ್ರ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ವಿಡಿಯೊ ಕಳಿಸಿದೆ, 2022ರ ಕಣಕಾಲಿನ ಕಥೆಯನ್ನೂ ಬರೆದೆ. ಕೇಳಿದ್ದು ಎರಡೇ: ಗುರುತಿಸಿದ ಹಾದಿಯೊಳಗೆ ನಡೆದ ಅಪಘಾತಕ್ಕೆ ಮೋಟಾರು ವಾಹನದ ಆ ಹೊರಗಿಡುವ ಸಾಲು ತೆಗೆಯಬೇಕು, ಸಂಘಟಕರ ಜತೆ ಸ್ಪರ್ಧಿಗಳ ಹೆಸರೂ ವಿಮೆ ಮಾಡಿಸಿದವರ ಪಟ್ಟಿಯಲ್ಲಿ ಇರಬೇಕು. ಈ ಎರಡನೆಯದನ್ನು ಮರೆತರೆ ಕಂಪನಿ ಸಂಘಟಕನ ಪರವಾಗಿ ಹಣ ಕೊಟ್ಟು, ಸ್ಪರ್ಧಿಯ ಮೇಲೆ ವಸೂಲಿಗೆ ಬರಬಹುದು. ಮೂರು ಸಲ ಬೇಡ ಅಂದರು, ನಾಲ್ಕನೇ ಸಲ ಷರತ್ತು ಹಾಕಿ ಹೂಂ ಅಂದರು. ಆ ನಾಲ್ಕನೇ ಪತ್ರದ ಎರಡನೇ ಪ್ಯಾರಾ ಇಲ್ಲಿ ಹಾಕುವುದಿಲ್ಲ. ಗೋಕುಲ ರೋಡಿಗೆ ಬರ್ರಿ, ಚಹಾ-ಗಿರಮಿಟ್ ನಿಮ್ಮ ಲೆಕ್ಕ, ಓದಿ ತೋರಿಸುತ್ತೇನೆ.

ಮಿತಿ 25 ಲಕ್ಷ, ಒಂದೇ ಅಪಘಾತಕ್ಕೂ ಅಷ್ಟೇ, ಒಟ್ಟಿಗೂ ಅಷ್ಟೇ. ಕಂತು 38 ಸಾವಿರದ ಆಸುಪಾಸು, 18 ಪರ್ಸೆಂಟ್ ಜಿಎಸ್‌ಟಿ ಸೇರಿ 45ರ ಹತ್ತಿರ. ತಲೆಗೆ 1,400 ಬಿತ್ತು. 'ಒಂದು ಟ್ಯಾಂಕ್ ಡೀಸೆಲ್ ರೊಕ್ಕಕ್ಕಿಂತ ಕಡಿಮಿ' ಅಂದರೂ ನಾಲ್ವರು ಕೊಡಲಿಲ್ಲ, ಅವರದ್ದು ನನ್ನ ಕಿಸೆಯಿಂದ ಹೋಯಿತು. ಹೆಸರು ಬರೆಯುವುದಿಲ್ಲ. ಓದುತ್ತಿದ್ದೀರಿ, ಗೊತ್ತು.

ಷರತ್ತುಗಳು: ಆಂಬುಲೆನ್ಸ್, ಹಾದಿ ಕಾಯುವ ಮಾರ್ಷಲ್‌ಗಳು, ಜನರಿಗೆ ಹಗ್ಗದ ಗೆರೆ. ಹಗ್ಗ ಎಷ್ಟು ದೂರ ಅಂತ ಅವರು ಹೇಳಲಿಲ್ಲ. ನನ್ನ ಲೆಕ್ಕ ಹೀಗೆ: ವಿಂಚಿನ ಹಗ್ಗ 90 ಅಡಿ ಇದ್ದರೆ ಜನ 135 ಅಡಿ ಆಚೆ. ಉಕ್ಕಿನ ತಂತಿ ಹರಿದು ಹಾರುವುದನ್ನು ಒಮ್ಮೆ ನೋಡಿದವನು ಇದನ್ನು ಜಾಸ್ತಿ ಅನ್ನುವುದಿಲ್ಲ. ತೊಯಿಸಿದ ಗೋಣಿಚೀಲವನ್ನು ತಂತಿ ಮೇಲೆ ಹಾಕುವುದನ್ನೂ ಕಡ್ಡಾಯ ಮಾಡಿದೆ. ಸಿಂಥೆಟಿಕ್ ಹಗ್ಗ ಬಳಸಿದರೆ ಕಂತು ಇಳಿಸುತ್ತೀರಾ ಅಂತ ಕೇಳಿ ನೋಡಿದೆ, ಇಳಿಸಲಿಲ್ಲ.

ಗದಗಿನ ಹುಡುಗರು ಕಪ್ಪತಗುಡ್ಡದ ಮಗ್ಗುಲಲ್ಲಿ ಮಾಡೋಣ ಅಂದಿದ್ದರು. ಅದು 2019ರಿಂದ ವನ್ಯಜೀವಿ ಧಾಮ. ವಿಮೆ ಮಾತು ಬಿಡಿ, ಅರಣ್ಯ ಇಲಾಖೆಯವರು ಗಾಡಿಯನ್ನೇ ಇಟ್ಟುಕೊಳ್ಳುತ್ತಾರೆ. ಬೇಡ ಅಂದೆ.

ಸ್ಪರ್ಧೆ ಕಲಘಟಗಿ ಕಡೆಯ ಹೊಲದಲ್ಲೇ ಆಯಿತು. ಆ ಹೊಲಕ್ಕೆ ಹೊಂದಿಕೊಂಡ ಬದುವಿನಾಚೆ ಕಾಕಾನ ಬೋರ್‌ವೆಲ್. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಜಿಪ್ಸಿ ಜೀಪು ಅಡ್ಡ ಜಾರಿ ಬದು ಹತ್ತಿ ಇಳಿಯಿತು. ಸ್ಟಾರ್ಟರ್ ಪೆಟ್ಟಿಗೆ ಹೋಯಿತು, ಕೇಬಲ್ ಹರಿದು ಶಾರ್ಟ್ ಆಗಿ ಮೋಟರ್ ಸುಟ್ಟಿತು. ಮೋಟರ್ ಮೇಲೆತ್ತಿ, ರಿವೈಂಡಿಂಗ್ ಮಾಡಿ ಇಳಿಸುವ ತನಕ 58 ಸಾವಿರ. ಗಾಡಿ ತೆಗೆಯುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಸಿದೆ, ಮಾರ್ಷಲ್ ಕೈಯಲ್ಲಿ ವರದಿ ಬರೆಸಿದೆ, ಅದೇ ಸಂಜೆ ಕಂಪನಿಗೆ ತಿಳಿಸಿದೆ. ಸರ್ವೇಯರ್ 51 ಸಾವಿರಕ್ಕೆ ಒಪ್ಪಿದರು, ಎಕ್ಸೆಸ್ (ಕ್ಲೇಮಿನಲ್ಲಿ ನಾವೇ ಹೊರಬೇಕಾದ ಪಾಲು) 10 ಸಾವಿರ ಹಿಡಿದು 41. ಉಳಿದ 17 ಸಾವಿರ ನಾವೇ ಕೂಡಿಸಿ ಕೊಟ್ಟೆವು. ನಾಲ್ಕು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಕಾಕಾನ ಗೋವಿನಜೋಳಕ್ಕೆ ನೀರು ನಮ್ಮ ಬಾಡಿಗೆ ಎಂಜಿನ್ನಿನಿಂದ. ಸ್ಪರ್ಧೆ ನಡೆದ ಹೊಲದ ಒಡ್ಡು ಒಡೆದಿತ್ತಲ್ಲ, ಅದಕ್ಕೆ ಪೈಸೆ ಬರಲಿಲ್ಲ. ನಾವು ಬಾಡಿಗೆಗೆ ತಗೊಂಡ ಜಾಗ ಅಂದರೆ ನಮ್ಮ ವಶದಲ್ಲಿದ್ದದ್ದು, ಅದು ಥರ್ಡ್ ಪಾರ್ಟಿ ಅಲ್ಲವಂತೆ. ಜೆಸಿಬಿಗೆ 9 ಸಾವಿರ ಹೋಯಿತು.

ಇದನ್ನೇ ಟ್ರ್ಯಾಕ್ಟರ್ ಟ್ರೇಲರ್ ರಿವರ್ಸ್ ಸ್ಪರ್ಧೆಗೆ ಹಚ್ಚಿ ನೋಡೋಣ ಅಂತ ಒಂದು ಜಾತ್ರೆ ಕಮಿಟಿಗೆ ಪತ್ರ ಬರೆದುಕೊಟ್ಟಿದ್ದೇನೆ. ಟ್ರ್ಯಾಕ್ಟರ್ ಪಾಲಿಸಿ ಇರುವುದು ಒಕ್ಕಲುತನದ ಕೆಲಸಕ್ಕೆ, ರಿವರ್ಸ್ ಹೊಡೆದು ತೋರಿಸುವುದಕ್ಕಲ್ಲ. ಕಂಪನಿಯಿಂದ ಉತ್ತರ ಬಂದಿಲ್ಲ. ಪಾಸಿಂಗ್ ಇಲ್ಲದ, ಮನೆಯಲ್ಲೇ ಮಾಡಿದ ಬಗ್ಗಿಗೆ ಗಾಡಿ ಪಾಲಿಸಿ ಸಿಗುವುದೇ ಇಲ್ಲ, ಕೇಳಿ ಆಗಿದೆ.

ಈ ಸಲದ ಕೊಟೇಶನ್ 46 ಸಾವಿರ ಬಂದಿದೆ. ಒಂದು ಕ್ಲೇಮ್ ಆಯಿತಲ್ಲ, ಅದರ ಬಿಸಿ. ಮೊನ್ನೆ ಹಾದಿ ಗುರುತು ಮಾಡಲು ಹೋದಾಗ ಕಾಕಾ ಬದುವಿನ ಮೇಲೆ ಕೂತು ಎಲೆ-ಅಡಕಿ ಹಾಕಿಕೊಳ್ಳುತ್ತಿದ್ದರು. ಹೊಸ ಪೆಟ್ಟಿಗೆಗೆ ಸಿಮೆಂಟ್ ಕಟ್ಟೆ ಕಟ್ಟಿಸಿದ್ದಾರೆ. ಗೂಟ ಹೊಡೆಯುವುದನ್ನು ಸ್ವಲ್ಪ ಹೊತ್ತು ನೋಡಿ, 'ತಮ್ಮಾ, ಈ ಸರ್ತಿ ಹಾದಿ ಒಂದೀಟ ತೆಂಕಲಕ ತಗೋರಿ' ಅಂದರು. ಯಾಕ್ರೀ ಕಾಕಾ ಅಂದೆ. 'ಅಲ್ಲಿ ಪೈಪ್‌ಲೈನ್ ಭಾಳ ಹಳೇದಾಗೈತಿ.'